ಟೈಲ್ಸ್, ಗ್ರಾನೈಟ್ ಒಡೆಯದ ಹಾಗೆ ತೂತು ಕೊರೆಯುವುದು ಹೇಗೆ?

ಬಚ್ಚಲುಮನೆಗೆ ಟವೆಲ್ ರಾಡ್ ಹಾಕಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ವಾಟರ್ ಫಿಲ್ಟರಿನ ನಲ್ಲಿ ಕೂರಿಸಬೇಕು. ನೋಡೋಕೆ ಸಣ್ಣ ಕೆಲಸ. ಆದರೆ ಒಂದು ಟೈಲ್ ಒಡೆದರೆ ಅದೇ ಬಣ್ಣದ, ಅದೇ ಬ್ಯಾಚಿನ ಟೈಲ್ ನಾಲ್ಕು ವರ್ಷದ ನಂತರ ಎಲ್ಲಿ ಸಿಗುತ್ತದೆ? ಗ್ರಾನೈಟ್ ಸೀಳಿದರಂತೂ ಇಡೀ ಕಟ್ಟೆಯ ಕಲ್ಲನ್ನೇ ಎಬ್ಬಿಸಬೇಕಾಗುತ್ತದೆ. ಹೀಗೆ ಆಗುವುದಕ್ಕೆ ಹೆಚ್ಚಿನ ಸಲ ಕಾರಣ ಎರಡೇ. ಡ್ರಿಲ್ ಕುಟ್ಟುತ್ತಾ ಕೊರೆಯುವ ಹ್ಯಾಮರ್ ಮೋಡ್‌ನಲ್ಲಿ ಇರುತ್ತದೆ, ಇಲ್ಲವೇ ಹಿಡಿದವರು ಅವಸರದಲ್ಲಿ ಇರುತ್ತಾರೆ.

ಡ್ರಿಲ್ ತುದಿಗೆ ಹಾಕುವ ಡೈಮಂಡ್ ಬಿಟ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ. ಮರಕ್ಕೆ, ಕಬ್ಬಿಣಕ್ಕೆ ಬಳಸುವ ಬಿಟ್‌ಗೆ ಚೂಪಾದ ಅಲಗು ಇರುತ್ತದೆ. ಅದು ಕೆತ್ತಿ ತೆಗೆಯುತ್ತದೆ. ಗೋಡೆಗೆ ಬಳಸುವ ಮಾಮೂಲಿ ಕಾಂಕ್ರೀಟ್ ಬಿಟ್ ಕುಟ್ಟಿ ಪುಡಿ ಮಾಡುತ್ತದೆ. ಡೈಮಂಡ್ ಬಿಟ್‌ನಲ್ಲಿ ಇದೆರಡೂ ಇಲ್ಲ. ಅದೊಂದು ಟೊಳ್ಳು ಕೊಳವೆ, ಬಾಯಿಯ ಸುತ್ತ ವಜ್ರದ ಪುಡಿ ಅಂಟಿಕೊಂಡಿರುತ್ತದೆ. ಆ ಪುಡಿ ಕಲ್ಲನ್ನು ಉಂಗುರದ ಆಕಾರದಲ್ಲಿ ತೇಯುತ್ತಾ ಒಳಗೆ ಇಳಿಯುತ್ತದೆ. ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ ಅಂದುಕೊಳ್ಳಿ. ನೀರು ಬೇಕು, ಹದವಾದ ಒತ್ತಡ ಬೇಕು, ಸಾವಕಾಶ ಬೇಕು. ಮುಂದೆ ಹೇಳುವುದೆಲ್ಲ ಇದರಿಂದಲೇ ಬಂದದ್ದು.

ನಿಮ್ಮ ಮುಂದೆ ಇರುವುದು ಯಾವ ಕಲ್ಲು?

ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ಮೆತ್ತಗಿನದು. ಮೇಲಿನ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಪದರ, ಮಾತ್ರ ಗಟ್ಟಿ, ಒಳಗಿನ ಮಣ್ಣು ಸುಲಭವಾಗಿ ಕೊರೆಯುತ್ತದೆ. ವಿಟ್ರಿಫೈಡ್ ಟೈಲ್ ಹಾಗಲ್ಲ. ಮೇಲಿಂದ ಕೆಳತನಕ ಒಂದೇ ಸಮ ಗಟ್ಟಿ. ಅದು ತನ್ನ ತೂಕದ 0.5%ಗಿಂತ ಜಾಸ್ತಿ ನೀರು ಕುಡಿಯುವುದಿಲ್ಲ, ಅಷ್ಟು ಒತ್ತಾಗಿ ಸುಟ್ಟಿರುತ್ತಾರೆ. ಮನೆಯಲ್ಲಿ ಉಳಿದ ಟೈಲ್ ತುಂಡು ಇದ್ದರೆ ತಿರುಗಿಸಿ, ಹಿಂಬದಿಗೆ ಒಂದು ಹನಿ ನೀರು ಬಿಡಿ. ಸೆರಾಮಿಕ್ ಆದರೆ ಕಣ್ಣೆದುರೇ ನೀರು ಹೀರಿಕೊಂಡು ಕಲೆ ಹರಡುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ನಿಂತಿರುತ್ತದೆ. ಈ ತುಂಡನ್ನು ಎಸೆಯಬೇಡಿ, ಕೈ ಪಳಗಿಸಿಕೊಳ್ಳೋಕೆ ಬೇಕಾಗುತ್ತದೆ.

ಕಲ್ಲಿನ ಗಟ್ಟಿತನ ಅಳೆಯುವುದಕ್ಕೆ 1ರಿಂದ 10ರವರೆಗಿನ ಮೋಸ್ ಅಳತೆ ಇದೆ. ವಜ್ರ 10. ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಇವೆಲ್ಲ ಸುಣ್ಣದ ಜಾತಿಯವು. ಇವುಗಳಲ್ಲಿ ಇರುವ ಕ್ಯಾಲ್ಸೈಟ್‌ನ ಗಟ್ಟಿತನ ಬರೀ 3. ಇಳಕಲ್ ಕೆಂಪಿನಂಥ ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಹರಳುಗಳು ಇರುತ್ತವೆ, ಅವುಗಳದ್ದು 7. ಚಾಮರಾಜನಗರದ ಕಡೆಯ ಕಪ್ಪು ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ, ಡಾಲರೈಟ್. ಅಂಗಡಿಯಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂತಲೇ ಮಾರುತ್ತಾರೆ, ಕೊರೆಯುವ ಕ್ರಮವೂ ಅದೇ.

ಸುಣ್ಣದ ಕಲ್ಲು ಮೆತ್ತಗೆ ಅಂತ ಸಲೀಸಾಗಿ ತಗೋಬೇಡಿ. ಕಡಪ ಕಲ್ಲು ಪದರ ಪದರವಾಗಿ ಇರುತ್ತದೆ. ಮೇಲಿಂದ ಅಚ್ಚುಕಟ್ಟಾಗಿ ಕೊರೆದರೂ ಕೆಳಗಡೆ ಅಂಗೈಯಗಲ ಚಕ್ಕೆ ಎದ್ದು ಬರುವುದು ಇದರಲ್ಲೇ ಜಾಸ್ತಿ.

ಯಾವ ಬಿಟ್ ಕೊಳ್ಳಬೇಕು?

ಹಾರ್ಡ್‌ವೇರ್ ಅಂಗಡಿಯಲ್ಲಿ ಡೈಮಂಡ್ ಬಿಟ್ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಎಲೆಕ್ಟ್ರೋಪ್ಲೇಟೆಡ್ ಬಿಟ್. ನಿಕಲ್ ಲೇಪನ ಒಂದೇ ಪದರ ವಜ್ರದ ಪುಡಿಯನ್ನು ಹಿಡಿದಿಟ್ಟಿರುತ್ತದೆ. ಬೆಲೆ ಕಡಿಮೆ. ಆ ಒಂದು ಪದರ ಉದುರಿದರೆ ಬಿಟ್‌ನ ಆಯಸ್ಸು ಮುಗಿಯಿತು. ಇದನ್ನು ನೀರಿಲ್ಲದೆ ಓಡಿಸಲೇಬಾರದು. ಮನೆಯಲ್ಲಿ ನಾಲ್ಕಾರು ತೂತು ಹಾಕುವವರಿಗೆ ಇದು ಧಾರಾಳ ಸಾಕು.

ಎರಡನೆಯದು ಬ್ರೇಜ್ಡ್ ಬಿಟ್. ಗಾಳಿಯಿಲ್ಲದ ಕುಲುಮೆಯಲ್ಲಿ ಲೋಹ ಕರಗಿಸಿ ವಜ್ರವನ್ನು ಬೆಸೆದಿರುತ್ತಾರೆ. ಕಣಗಳು ಜಾಸ್ತಿ ಹೊರಚಾಚಿರುತ್ತವೆ, ಬಿಸಿಯನ್ನೂ ತಡೆಯುತ್ತವೆ. ಟೈಲ್ಸ್ ಕತ್ತರಿಸುವ ಕೈಯಂತ್ರವಾದ ಆಂಗಲ್ ಗ್ರೈಂಡರಿಗೆ ತಿರುಗಿಸಿ ಹಾಕುವ, ಮರೆ (ಥ್ರೆಡ್) ಇರುವ ಬಿಟ್‌ಗಳು ಸಾಮಾನ್ಯವಾಗಿ ಈ ಜಾತಿಯವು. ಮೂರನೆಯದು ಸಿಂಟರ್ಡ್. ಲೋಹದ ಪುಡಿ, ವಜ್ರದ ಪುಡಿ ಬೆರೆಸಿ ಒತ್ತಿ ಸುಟ್ಟ ಹಲ್ಲುಗಳು ಅದರಲ್ಲಿರುತ್ತವೆ. ಲೋಹ ಸವೆದ ಹಾಗೆ ಒಳಗಿನ ಹೊಸ ವಜ್ರ ಮೇಲೆ ಬರುತ್ತದೆ. ದಿನಾ ಗ್ರಾನೈಟ್ ಕೆಲಸ ಮಾಡುವವರಿಗೆ ಅದೇ ಸರಿ.

ವಜ್ರ ಅಂದರೂ ಬೆಲೆ ಇಷ್ಟು ಕಡಿಮೆ ಹೇಗೆ ಅಂತ ಕೆಲವರಿಗೆ ಅನುಮಾನ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಇಂಗಾಲದಿಂದ ವಜ್ರ ತಯಾರಿಸಿದರು. ಅಲ್ಲಿಂದ ಮುಂದೆ ಉಪಕರಣಗಳಿಗೆ ಕಾರ್ಖಾನೆಯ ವಜ್ರವೇ ಬಳಕೆಗೆ ಬಂತು. ಒಡವೆಯ ವಜ್ರಕ್ಕೂ ಇದಕ್ಕೂ ಗಟ್ಟಿತನದಲ್ಲಿ ಭೇದವಿಲ್ಲ.

ಅಳತೆಯ ವಿಷಯ. ಟವೆಲ್ ರಾಡ್, ಸೋಪ್ ಸ್ಟ್ಯಾಂಡ್, ಕನ್ನಡಿ ಇಂಥವಕ್ಕೆ 6 ಅಥವಾ 8 ಎಂಎಂ ಸಾಕು. ವಾಟರ್ ಫಿಲ್ಟರಿನ ನಲ್ಲಿಗೆ ಸಾಮಾನ್ಯವಾಗಿ 12 ಎಂಎಂ, ಸಿಂಕಿನ ಮಿಕ್ಸರ್ ನಲ್ಲಿಗೆ 35 ಎಂಎಂ. ಆದರೂ ತಂದಿರುವ ನಲ್ಲಿಯ ಕೆಳಗಿನ ದಂಡವನ್ನು ಅಳೆದೇ ಬಿಟ್ ತನ್ನಿ. ಒಮ್ಮೆ ಕೊರೆದ ತೂತನ್ನು ಡೈಮಂಡ್ ಬಿಟ್‌ನಲ್ಲಿ ಎರಡು ಎಂಎಂ ದೊಡ್ಡದು ಮಾಡುವುದು ಬಹಳ ಕಷ್ಟ. ನಡುವೆ ಕಲ್ಲೇ ಇಲ್ಲದಿದ್ದರೆ ಬಿಟ್ ಹಿಡಿತ ತಪ್ಪಿ ಅತ್ತಿತ್ತ ಓಡುತ್ತದೆ.

ಡ್ರಿಲ್ ಮುಟ್ಟುವ ಮೊದಲು

ಗೋಡೆಯೊಳಗೆ ಏನಿದೆ ಅಂತ ಯೋಚಿಸಿ. ನಲ್ಲಿಯ, ಗೀಸರ್ ಪಾಯಿಂಟಿನ ನೇರಕ್ಕೆ ಮೇಲೆ ಕೆಳಗೆ ಪೈಪ್ ಇರುವ ಸಾಧ್ಯತೆ ಜಾಸ್ತಿ. ಸ್ವಿಚ್ ಬೋರ್ಡಿನ ನೇರಕ್ಕೆ ವೈರಿನ ಪೈಪ್ ಇರುತ್ತದೆ. ಆ ಸಾಲುಗಳನ್ನು ಬಿಟ್ಟುಬಿಡಿ. ಮನೆ ಕಟ್ಟುವಾಗ ಟೈಲ್ಸ್ ಹಾಕುವ ಮೊದಲು ತೆಗೆದ ಫೋಟೋ ಇದ್ದರೆ ಬಂಗಾರ. ಅನುಮಾನ ಇದ್ದರೆ ಆ ಕೋಣೆಯ ಎಂಸಿಬಿ ಇಳಿಸಿ, ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ. ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ.

ಆಮೇಲೆ ಒಂದು ನಾಣ್ಯ ತಗೊಂಡು ಟೈಲ್ ಮೇಲೆ ಎಲ್ಲಾ ಕಡೆ ತಟ್ಟಿ. ಗಟ್ಟಿ ಶಬ್ದ ಬಂದರೆ ಹಿಂದೆ ಸಿಮೆಂಟ್ ತುಂಬಿದೆ. ಡಬ್ ಡಬ್ ಅಂತ ಟೊಳ್ಳು ಶಬ್ದ ಬಂದರೆ ಹಿಂದೆ ಖಾಲಿ. ನಮ್ಮಲ್ಲಿ ಗೋಡೆ ಟೈಲ್ಸ್ ಹಾಕುವಾಗ ಹಿಂಬದಿಗೆ ಪೂರ್ತಿ ಸಿಮೆಂಟ್ ಹಚ್ಚದೆ ಅಲ್ಲಲ್ಲಿ ಉಂಡೆ ಮಾತ್ರ ಇಡುವ ರೂಢಿ ಬಹಳ ಇದೆ. ಟೊಳ್ಳು ಜಾಗದಲ್ಲಿ ಟೈಲ್‌ಗೆ ಆಸರೆ ಇರುವುದಿಲ್ಲ. ಎಂಥ ಒಳ್ಳೆಯ ಬಿಟ್ ಇದ್ದರೂ ಅಲ್ಲಿ ಸೀಳುವ ಅಪಾಯ ಇದ್ದೇ ಇದೆ. ರಾಡನ್ನು ಎರಡು ಇಂಚು ಆಚೀಚೆ ಸರಿಸಿದರೆ ಏನೂ ನಷ್ಟವಿಲ್ಲ.

ಟೈಲ್ ಅಂಚಿನಿಂದ ಕನಿಷ್ಠ ಒಂದು ಇಂಚು ಒಳಗೆ ಗುರುತು ಹಾಕಿ. ಎರಡು ಟೈಲ್ ನಡುವಿನ ಗೆರೆಯಲ್ಲಿ ಕೊರೆದರೆ ಟೈಲ್ ಉಳಿಯುತ್ತದೆ ಅಂತ ಕೆಲವು ಪ್ಲಂಬರ್‌ಗಳು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಗೆರೆ ಇರುವುದೇ 2-3 ಎಂಎಂ. 6 ಎಂಎಂ ಬಿಟ್ ಇಟ್ಟರೆ ಎರಡೂ ಟೈಲ್‌ನ ಅಂಚಿಗೆ ತಾಗುತ್ತದೆ, ಚಕ್ಕೆ ಏಳುವುದು ಅಂಚಿನಲ್ಲೇ.

ನೀರು

ವಜ್ರ ಎಷ್ಟೇ ಗಟ್ಟಿಯಾದರೂ ಅದು ಇಂಗಾಲವೇ ಅಲ್ವಾ? ಗಾಳಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಕೆಡಲು ಶುರುವಾಗುತ್ತದೆ. ಒಣಗಿದ ಬಿಟ್‌ನ ತುದಿ ನೋಡನೋಡುತ್ತಲೇ ಬಿಸಿ ಏರುತ್ತದೆ. ಹಾಗಾಗಿ ನೀರು ಬಿಟ್ಟುಹೋಗುವ ಹಾಗಿಲ್ಲ. ಬಿಸಿ ಇಳಿಸುವುದರ ಜೊತೆಗೆ ತೇದ ಪುಡಿಯನ್ನು ಹೊರಗೆ ತರುವುದೂ ನೀರೇ. ಪುಡಿ ಅಲ್ಲೇ ಕೂತರೆ ಬಿಟ್ ಆ ಪುಡಿಯ ಮೇಲೆ ಸುಮ್ನೆ ಜಾರುತ್ತಾ ತಿರುಗುತ್ತದೆ.

ಅಡ್ಡ ಇರುವ ಕಲ್ಲಿಗೆ, ಅಂದರೆ ಕಟ್ಟೆಗೆ, ನೆಲಕ್ಕೆ, ಒಂದು ಸುಲಭ ದಾರಿ ಇದೆ. ಚಪಾತಿ ಹಿಟ್ಟನ್ನು ಉದ್ದಕ್ಕೆ ಹೊಸೆದು ಗುರುತಿನ ಸುತ್ತ ಬಳೆಯಂತೆ ಒತ್ತಿ ಕೂರಿಸಿ, ಒಳಗೆ ನೀರು ತುಂಬಿ. ಜೇಡಿಮಣ್ಣೂ ಆಗುತ್ತದೆ. ನೀರು ಹಾಲಿನ ಹಾಗೆ ದಪ್ಪಗಾದಾಗ ಬಟ್ಟೆಯಲ್ಲಿ ಹೀರಿ ಹೊಸ ನೀರು ಹಾಕಿ. ಗೋಡೆಗೆ ಇನ್ನೊಬ್ಬರು ಸ್ಪ್ರೇ ಬಾಟಲಿ ಹಿಡಿದು ಬಿಟ್ ಬಾಯಿಗೇ ನೀರು ಹೊಡೆಯುತ್ತಾ ಇರಬೇಕು. ಒಬ್ಬರೇ ಇದ್ದರೆ ಗುರುತಿನ ಕೆಳಗೆ ನೆನೆದ ಸ್ಪಂಜನ್ನು ಟೇಪಿನಿಂದ ಅಂಟಿಸಿ. ಕೊರೆಯುವುದನ್ನು ಆಗಾಗ ನಿಲ್ಲಿಸಿ ಬಿಟ್ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ.

ನೀರು, ಕರೆಂಟು ಒಟ್ಟಿಗೆ ಇರುವ ಕೆಲಸ ಇದು. ಬ್ಯಾಟರಿ ಡ್ರಿಲ್ ಇದ್ದರೆ ಅದನ್ನೇ ಬಳಸಿ. ವೈರ್ ಇರುವ ಡ್ರಿಲ್ ಆದರೆ ಮನೆಯ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಡ್ರಿಲ್ ಮೇಲೆ ನೀರು ಹಾರದ ಹಾಗೆ, ಕೈ ಒದ್ದೆಯಾಗದ ಹಾಗೆ ನೋಡಿಕೊಳ್ಳಿ. ತಲೆಗಿಂತ ಎತ್ತರದಲ್ಲಿ ಕೊರೆದರೆ ನೀರು ಬಿಟ್ ಮೇಲಿಂದ ನೇರ ಮೋಟರಿಗೆ ಇಳಿಯುತ್ತದೆ. ಅಲ್ಲಿ ಬ್ಯಾಟರಿ ಡ್ರಿಲ್ ಬಿಟ್ಟು ಬೇರೆ ಬೇಡ.

ವೇಗ

ದೊಡ್ಡ ಬಿಟ್‌ಗೆ ಕಡಿಮೆ ವೇಗ. 35 ಎಂಎಂ ಬಿಟ್ ಒಂದು ಸುತ್ತು ತಿರುಗುವಾಗ ಅದರ ಅಂಚು 6 ಎಂಎಂ ಬಿಟ್‌ನ ಅಂಚಿಗಿಂತ ಸುಮಾರು ಆರು ಪಟ್ಟು ದೂರ ಉಜ್ಜುತ್ತದೆ. ಬಿಸಿಯೂ ಅಷ್ಟೇ ಬೇಗ ಏರುತ್ತದೆ. 6-8 ಎಂಎಂಗೆ ನಿಮಿಷಕ್ಕೆ 1000ದಿಂದ 1500 ಸುತ್ತು, 12 ಎಂಎಂಗೆ 700-900, 25 ಎಂಎಂಗೆ 500 ಆಸುಪಾಸು, 35 ಎಂಎಂಗೆ 300-400 ಅಂತ ಅಂದಾಜು ಇಟ್ಟುಕೊಳ್ಳಿ. ಗ್ರಾನೈಟ್, ವಿಟ್ರಿಫೈಡ್ ಆದರೆ ಇದರಲ್ಲೂ ಕೆಳಗಿನ ಅಂಕಿಯೇ ಒಳ್ಳೆಯದು. ಮನೆಗೆ ತರುವ 13 ಎಂಎಂ ಡ್ರಿಲ್‌ಗಳು ಪೂರ್ತಿ ಒತ್ತಿದರೆ 2500-3000 ಸುತ್ತು ಹೊಡೆಯುತ್ತವೆ. ಟ್ರಿಗರ್ ಅರ್ಧ ಒತ್ತುವ ಅಭ್ಯಾಸ ಬೇಕು. ಬಹಳ ಡ್ರಿಲ್‌ಗಳಲ್ಲಿ ಟ್ರಿಗರ್ ಮೇಲೆಯೇ ಸಣ್ಣ ತಿರುಗಣೆ ಇರುತ್ತದೆ, ಅದನ್ನು ತಿರುಗಿಸಿದರೆ ವೇಗ ಅಲ್ಲಿಗೇ ಕಟ್ಟುಬೀಳುತ್ತದೆ.

ಡ್ರಿಲ್ ಮೇಲಿನ ಗುಂಡಿಯನ್ನು ಸುತ್ತಿಗೆ ಚಿತ್ರದಿಂದ ಬಿಟ್ ಚಿತ್ರದ ಕಡೆಗೆ ತಿರುಗಿಸಿ. ಇನ್ನೊಮ್ಮೆ ನೋಡಿ. ಹ್ಯಾಮರಿನ ಒಂದೇ ಒಂದು ಏಟು ಸಾಕು, ಟೈಲ್‌ನ ಮೂಲೆತನಕ ಬಿರುಕು ಹೋಗುತ್ತದೆ.

ಬಿಟ್ ಕಚ್ಚಿಸುವುದು

ಇಡೀ ಕೆಲಸದಲ್ಲಿ ಕಷ್ಟ ಇರುವುದು ಮೊದಲ ಅರ್ಧ ನಿಮಿಷದಲ್ಲಿ. ಡೈಮಂಡ್ ಬಿಟ್‌ಗೆ ನಡುವೆ ಮೊನೆ ಇಲ್ಲ. ನುಣುಪು ಟೈಲ್ ಮೇಲೆ ನೆಟ್ಟಗೆ ಇಟ್ಟು ಟ್ರಿಗರ್ ಒತ್ತಿದರೆ ಅದು ಜಾರಿ, ಹೊಳೆಯುವ ಮೈ ಮೇಲೆ ಬಳೆ ಬಳೆಯಾಗಿ ಗೀರು ಹಾಕುತ್ತದೆ. ಆ ಗೀರು ಹೋಗುವುದಿಲ್ಲ.

ಸಣ್ಣ ಬಿಟ್‌ಗೆ ಹೀಗೆ ಮಾಡಿ. ಡ್ರಿಲ್ ಅನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಬಿಟ್‌ನ ಒಂದು ಅಂಚನ್ನು ಮಾತ್ರ ಗುರುತಿಗೆ ತಾಗಿಸಿ. ನಿಧಾನಕ್ಕೆ ತಿರುಗಿಸಿ. ಮೊದಲು ಬಿದಿಗೆ ಚಂದ್ರನ ಹಾಗೆ ಒಂದು ಗೆರೆ ಬೀಳುತ್ತದೆ. ಅದು ಉಗುರಿಗೆ ತಾಗುವಷ್ಟು ಆಳವಾದ ಮೇಲೆ, ಬಿಟ್ ತಿರುಗುತ್ತಿರುವಾಗಲೇ ಡ್ರಿಲ್ ಅನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗೆ ತನ್ನಿ. ಚಂದ್ರ ತುಂಬಿ ಉಂಗುರ ಆಗುತ್ತದೆ. ಅಲ್ಲಿಂದ ಬಿಟ್ ಜಾರುವುದಿಲ್ಲ.

25, 35 ಎಂಎಂ ಬಿಟ್‌ಗೆ ಈ ಓರೆ ಹಿಡಿಯುವ ಕೆಲಸ ಕೈಗೆ ಭಾರ. ಒಂದು ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ತೂತು ಕೊರೆದುಕೊಂಡು, ಅದನ್ನು ಕಲ್ಲಿನ ಮೇಲೆ ಎರಡೂ ಕಡೆ ಅಂಟುವ ಟೇಪಿನಿಂದ ಕೂರಿಸಿ. ಬಿಟ್ ಆ ತೂತಿನೊಳಗೆ ಕೂತು ತಿರುಗಲಿ. ಒಂದೆರಡು ಎಂಎಂ ಇಳಿದ ಮೇಲೆ ಪ್ಲೈವುಡ್ ತೆಗೆಯಿರಿ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಕೊರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಗುರುತು ಹಾಕೋಕೆ ಟೇಪ್ ಒಳ್ಳೆಯದು. ಆದರೆ ನೀರು ಬಿದ್ದ ಕೂಡಲೇ ಅದು ಕಳಚಿಕೊಳ್ಳುತ್ತದೆ, ಬಿಟ್ ಜಾರುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಇಳಿಯುತ್ತಾ ಹೋಗುವುದು

ಡ್ರಿಲ್‌ನ ಭಾರಕ್ಕಿಂತ ತುಸು ಜಾಸ್ತಿ ಒತ್ತಿದರೆ ಸಾಕು. ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬಿಟ್ ಅನ್ನು ಅರ್ಧ ಇಂಚು ಹಿಂದೆ ಎಳೆದು ನೀರು ಒಳಗೆ ಹೋಗಲು ಬಿಡಿ. ಕೈಯನ್ನು ತೀರಾ ಸಣ್ಣದಾಗಿ ಸುತ್ತಾಡಿಸುತ್ತಿದ್ದರೆ ಬಿಟ್ ಸುತ್ತ ನೀರಿಗೆ ದಾರಿ ಆಗುತ್ತದೆ. ಜಾಸ್ತಿ ಅಲ್ಲಾಡಿಸಿದರೆ ತೂತು ಮೊಟ್ಟೆಯಾಕಾರ ಆಗುತ್ತದೆ, ಹುಷಾರು.

ಕಣ್ಣು ಇರಬೇಕಾದದ್ದು ಹೊರಗೆ ಬರುವ ನೀರಿನ ಮೇಲೆ. ವಿಟ್ರಿಫೈಡ್‌ನಲ್ಲಿ ಅದು ಬೆಳ್ಳಗೆ ಬರುತ್ತದೆ. ಬಣ್ಣ ಇದ್ದಕ್ಕಿದ್ದ ಹಾಗೆ ಬೂದಿಗೆ ತಿರುಗಿತೆಂದರೆ ಟೈಲ್ ದಾಟಿ ಸಿಮೆಂಟಿಗೆ ಬಂದಿರಿ. ನೀರು ತಿಳಿಯಾಗಿಯೇ ಬರುತ್ತಿದೆ, ಆದರೂ ಬಿಟ್ ತಿರುಗುತ್ತಿದೆ ಅಂದರೆ ಬಿಟ್ ಮೊಂಡಾಗಿದೆ, ಏನೂ ತೇಯುತ್ತಿಲ್ಲ. ಆಗ ಜೋರಾಗಿ ಒತ್ತುವುದು ತಪ್ಪು. ಬಿಟ್ ತೆಗೆದು ಒಂದು ಸಿಮೆಂಟ್ ಬ್ಲಾಕಿನಲ್ಲಿ ಅಥವಾ ಒರಟು ಸಾಣೆಕಲ್ಲಿನಲ್ಲಿ ನೀರು ಹಾಕಿ ಸ್ವಲ್ಪ ಹೊತ್ತು ಓಡಿಸಿ. ಮೇಲೆ ಮೆತ್ತಿದ ಪುಡಿ ಹೋಗಿ, ಸಿಂಟರ್ಡ್ ಬಿಟ್ ಆದರೆ ಹೊಸ ವಜ್ರ ಹೊರಗೆ ಬಂದು ಮತ್ತೆ ಕಚ್ಚುತ್ತದೆ. ಎಲೆಕ್ಟ್ರೋಪ್ಲೇಟೆಡ್ ಬಿಟ್ ಇದಕ್ಕೂ ಬಗ್ಗದಿದ್ದರೆ ಹೊಸದು ತನ್ನಿ.

ಶಬ್ದವನ್ನೂ ಕೇಳಿ. ಸರಿಯಾಗಿ ನಡೆಯುವಾಗ ಒಂದೇ ಸಮನೆ ಗರಗರ ಅನ್ನುತ್ತದೆ. ಕೀರಲು ಶಬ್ದ ಬಂದರೆ ನೀರು ಸಾಲುತ್ತಿಲ್ಲ, ಇಲ್ಲವೇ ವೇಗ ಜಾಸ್ತಿ.

ಕೊನೆಯ 2-3 ಎಂಎಂಗೆ ಕೈ ಪೂರ್ತಿ ಸಡಿಲಿಸಿ. ತಳದಲ್ಲಿ ಉಳಿದ ತೆಳು ಪದರಕ್ಕೆ ನಿಮ್ಮ ಒತ್ತಡ ತಡೆಯುವ ಶಕ್ತಿ ಇರುವುದಿಲ್ಲ. ಅವಸರದಲ್ಲಿ ಒತ್ತಿದರೆ ಅದು ತೇಯುವ ಬದಲು ಮುರಿಯುತ್ತದೆ, ಹಿಂಬದಿಯಲ್ಲಿ ದೊಡ್ಡ ಚಕ್ಕೆ ಏಳುತ್ತದೆ.

ಟೈಲ್ ದಾಟಿದ ಮೇಲೆ ಗೋಡೆ

ಇಲ್ಲಿ ಡೈಮಂಡ್ ಬಿಟ್ ತೆಗೆದು ಮಾಮೂಲಿ ಕಾಂಕ್ರೀಟ್ ಬಿಟ್ ಹಾಕಿ. ಅದು ಟೈಲ್‌ನ ತೂತಿಗಿಂತ ಸಣ್ಣದಿರಲಿ. ಟೈಲ್‌ಗೆ 8 ಎಂಎಂ, ಗೋಡೆಗೆ 6 ಎಂಎಂ ಒಳ್ಳೆಯ ಜೋಡಿ. ಆಗ ಬಿಟ್ ಟೈಲ್‌ನ ಅಂಚಿಗೆ ತಾಗದೆ ಒಳಗೆ ಹೋಗುತ್ತದೆ. ಕಾಂಕ್ರೀಟ್ ಬ್ಲಾಕ್ ಗೋಡೆಯಾದರೆ ಹ್ಯಾಮರ್ ಬೇಕಾಗಬಹುದು. ಇಟ್ಟಿಗೆಗೆ, ಕರಾವಳಿಯ ಕೆಂಪುಕಲ್ಲಿಗೆ ಸುಮ್ನೆ ತಿರುಗಿಸಿದರೇ ಇಳಿಯುತ್ತದೆ.

ಸ್ಕ್ರೂ ಹಿಡಿದಿಡುವ ಪ್ಲಾಸ್ಟಿಕ್ ಪ್ಲಗ್ ಅನ್ನು ಟೈಲ್‌ನ ದಪ್ಪ ದಾಟಿ ಗೋಡೆಯೊಳಕ್ಕೆ ತಳ್ಳಿ. ಇದನ್ನು ಬಹಳ ಜನ ಮಾಡುವುದಿಲ್ಲ. ಸ್ಕ್ರೂ ತಿರುಗಿಸುವಾಗ ಪ್ಲಗ್ ಉಬ್ಬುತ್ತದೆ. ಪ್ಲಗ್‌ನ ಬಾಯಿ ಟೈಲ್ ಮಟ್ಟದಲ್ಲೇ ಇದ್ದರೆ ಆ ಉಬ್ಬು ಟೈಲ್ ಅನ್ನೇ ಒಳಗಿಂದ ತಳ್ಳಿ ಸೀಳುತ್ತದೆ. ತೂತು ಚೆನ್ನಾಗಿಯೇ ಬಂದು, ಸ್ಕ್ರೂ ಬಿಗಿಯುವಾಗ ಟೈಲ್ ಒಡೆಯುವುದು ಇದರಿಂದಲೇ. ಪ್ಲಗ್ ಒಳಗೆ ಹೋದಷ್ಟು ಸ್ಕ್ರೂ ಉದ್ದ ಇರಬೇಕು.

ಗ್ರಾನೈಟ್ ಕಟ್ಟೆ

ಕಟ್ಟೆಯ ಕಲ್ಲು ಸಾಮಾನ್ಯವಾಗಿ 16-20 ಎಂಎಂ ದಪ್ಪ. ಸಿಂಕಿಗಾಗಿ ಕತ್ತರಿಸಿದ ಜಾಗದ ಹಿಂದೆ, ಗೋಡೆಯ ಕಡೆಗೆ ಒಂದು ಕಿರಿದಾದ ಪಟ್ಟಿ ಉಳಿದಿರುತ್ತದೆ. ನಲ್ಲಿ ಬೇಕಾಗುವುದು ಅಲ್ಲೇ, ಕಲ್ಲು ಸೀಳುವುದೂ ಅಲ್ಲೇ. ತೂತಿನ ಅಂಚಿನಿಂದ ಕಲ್ಲಿನ ಅಂಚಿಗೆ ಎರಡು ಇಂಚು ಸಿಗದಿದ್ದರೆ ನಲ್ಲಿಯನ್ನು ಸಿಂಕಿನ ಪಕ್ಕಕ್ಕೆ ಸರಿಸಿ. ಕಲ್ಲಿನಲ್ಲಿ ಹುಟ್ಟಿನಿಂದಲೇ ಇರುವ ಬಿಳಿ ಗೆರೆಗಳಿಂದಲೂ ದೂರ ಇರಿ. ಕೆಲವು ಸಲ ಅವು ಅಂಟು ತುಂಬಿ ಪಾಲಿಶ್ ಮಾಡಿದ ಬಿರುಕುಗಳೇ ಆಗಿರುತ್ತವೆ.

ಕೆಳಗೆ ಸಿಲಿಂಡರ್ ಇದ್ದರೆ ರೆಗ್ಯುಲೇಟರ್ ಮುಚ್ಚಿ ಸಿಲಿಂಡರನ್ನು ಹೊರಗೆ ಸಾಗಿಸಿ. ಆಮೇಲೆ ಗುರುತಿನ ಕೆಳಗೆ ಒಂದು ಹಲಗೆ ಇಟ್ಟು, ನೆಲದಿಂದ ಊರುಗೋಲು ಕೊಟ್ಟು ಕಲ್ಲಿಗೆ ಬಿಗಿಯಾಗಿ ಒತ್ತಿ ನಿಲ್ಲಿಸಿ. ತಳದ ಚಕ್ಕೆ ಏಳದಂತೆ ತಡೆಯುವುದು ಆ ಹಲಗೆ. ಬಿಟ್‌ನಿಂದ ಬಿಡಿಸಿಕೊಂಡ ಕಲ್ಲಿನ ಬಿಲ್ಲೆ ಕೆಳಗೆ ಬೀಳದಂತೆಯೂ ಅದು ಹಿಡಿಯುತ್ತದೆ. 35 ಎಂಎಂ ತೂತಿಗೆ ಕಾಲು ಗಂಟೆ ಹಿಡಿದರೂ ಬೇಸರ ಬೇಡ.

ಗ್ಯಾಸ್ ಟ್ಯೂಬಿಗೆ ತೂತು ಹಾಕುವುದಾದರೆ ಕೊರೆದ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ ಅನ್ನೋದನ್ನು ಮರೆಯಬೇಡಿ. ಮೇಲೂ ಕೆಳಗೂ ಒದ್ದೆ ಮಾಡಿದ ವಾಟರ್ ಪೇಪರಿನಿಂದ (ನೀರಿನಲ್ಲಿ ಬಳಸುವ ಉಜ್ಜುಕಾಗದ) ಅಂಚನ್ನು ಉಜ್ಜಿ ಗುಂಡಗೆ ಮಾಡಿ, ರಬ್ಬರ್ ಬಳೆ ಕೂರಿಸಿ. ಟ್ಯೂಬ್ ಕಲ್ಲಿಗೆ ನೇರ ತಾಗಲೇಬಾರದು.

ಗ್ರೈಂಡರಿನಲ್ಲಿ ಬೇಗ ಆಗುತ್ತದಲ್ಲ?

ಆಗುತ್ತದೆ. ನಮ್ಮಲ್ಲಿ ಸಿಗುವ 4 ಇಂಚಿನ ಗ್ರೈಂಡರುಗಳಿಗೆ ಸಾಮಾನ್ಯವಾಗಿ ಎಂ10 ಮರೆ ಇರುತ್ತದೆ, ಅದಕ್ಕೆ ಹೊಂದುವ ಬ್ರೇಜ್ಡ್ ಬಿಟ್ ಹಾಕಿ ಕೈಪಳಗಿದವರು ಒಂದು ನಿಮಿಷದೊಳಗೆ ವಿಟ್ರಿಫೈಡ್ ಕೊರೆದುಬಿಡುತ್ತಾರೆ. ಆದರೆ ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಕಚ್ಚಿಕೊಂಡರೆ ಮಣಿಕಟ್ಟು ತಿರುಚಿಹೋಗುತ್ತದೆ. ವೈರಿನ ಗ್ರೈಂಡರಿಗೆ ನೀರು ಹಾಕುವಂತಿಲ್ಲ, ಹಾಗಾಗಿ ಎಲ್ಲವೂ ಧೂಳಾಗಿ ಏಳುತ್ತದೆ. ಹೊಸಬರಿಗೆ ನಾನು ಡ್ರಿಲ್ ಮತ್ತು ನೀರನ್ನೇ ಹೇಳುತ್ತೇನೆ.

ಈ ಧೂಳನ್ನು ಸುಮ್ನೆ ಕೊಡವಿಬಿಡುವ ವಿಷಯ ಅಂತ ನೋಡಬೇಡಿ. ಗ್ರಾನೈಟ್, ಟೈಲ್ಸ್, ಕಾಂಕ್ರೀಟ್ ಎಲ್ಲದರಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಆ ಪುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಮನೆಯಲ್ಲಿ ಒಂದೆರಡು ತೂತು ಹಾಕುವ ನಿಮಗಿಂತ ದಿನವಿಡೀ ಇದೇ ಧೂಳಿನಲ್ಲಿ ನಿಲ್ಲುವ ಟೈಲ್ಸ್ ಕೆಲಸದವರಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ನಿಮ್ಮ ಮನೆಗೆ ಕೆಲಸಕ್ಕೆ ಬಂದವರು ಮುಖಕ್ಕೆ ಬರೀ ಟವೆಲ್ ಕಟ್ಟಿಕೊಂಡಿದ್ದರೆ ಒಂದು ಎನ್95 ಮಾಸ್ಕ್ ತಂದುಕೊಡಿ, ಒಂದು ಬಕೆಟ್ ನೀರು ಪಕ್ಕದಲ್ಲಿಡಿ. ಕನ್ನಡಕವಂತೂ ಯಾರು ಕೊರೆದರೂ ಬೇಕೇ ಬೇಕು.

ಕೆಲಸ ಮುಗಿದ ಮೇಲೆ

ಬಿಟ್‌ನೊಳಗೆ ಸಿಕ್ಕಿಕೊಂಡ ಬಿಲ್ಲೆಯನ್ನು ಡ್ರಿಲ್‌ನ ಪ್ಲಗ್ ತೆಗೆದ ನಂತರವೇ, ಪಕ್ಕದ ಸೀಳಿನಿಂದ ಸಣ್ಣ ಮೊಳೆ ಹಾಕಿ ತಳ್ಳಿ. ಬಿಟ್ ತೊಳೆದು ಒರೆಸಿ ಇಡಿ, ಇಲ್ಲದಿದ್ದರೆ ಒಳಗಿನ ಕೆಸರು ಒಣಗಿ ಕಲ್ಲಾಗುತ್ತದೆ. ನಲ್ಲಿ ಕೂರಿಸುವ ಮುನ್ನ ತೂತಿನ ಸುತ್ತ ಒಂದು ಸುತ್ತು ಸಿಲಿಕೋನ್ ಹಚ್ಚಿ. ಬಚ್ಚಲಿನ ಗೋಡೆಯಲ್ಲಿ ಪ್ಲಗ್ ತೂತಿಗೂ ಸ್ವಲ್ಪ ಸಿಲಿಕೋನ್ ತುಂಬಿ ಆಮೇಲೆ ಸ್ಕ್ರೂ ಬಿಗಿಯಿರಿ, ನೀರು ಟೈಲ್ ಹಿಂದಕ್ಕೆ ಇಳಿಯುವುದಿಲ್ಲ.

ಮಾರ್ಬಲ್, ಕಡಪ, ಶಹಾಬಾದ್ ಮೇಲೆ ಒಣಗಿದ ಕಲೆ ತೆಗೆಯೋಕೆ ನಿಂಬೆಹಣ್ಣು, ವಿನೆಗರ್, ಆಸಿಡ್ ಯಾವುದೂ ಬೇಡ. ಸುಣ್ಣದ ಕಲ್ಲನ್ನು ಹುಳಿ ತಿನ್ನುತ್ತದೆ, ಪಾಲಿಶ್ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಒದ್ದೆ ಬಟ್ಟೆ ಸಾಕು. ಉಳಿದ ಬಿಳಿ ಕೆಸರನ್ನು ಸಿಂಕಿಗೆ ಸುರಿಯಬೇಡಿ. ಅದು ಪೈಪಿನ ಬಾಗಿನಲ್ಲಿ ತಳಕಟ್ಟಿ ಗಟ್ಟಿಯಾಗುತ್ತದೆ. ಹಳೆಯ ಪತ್ರಿಕೆಯಲ್ಲಿ ಒರೆಸಿ ತೆಗೆದು ಕಸದ ಬುಟ್ಟಿಗೆ ಹಾಕಿ.